ಹದಿನೇಳು ಲೈಬ್ರರಿಗಳ ಪಟ್ಟಿ

"ಗುರುಗಳೇ, ವರ್ಚುವಲ್ ಎನ್ವಿರಾನ್‌ಮೆಂಟ್ ನಿಭಾಯಿಸಲು ಯಾವ ಟೂಲ್ ಒಳ್ಳೆಯದು?"

ಸಿಂಚನಾ ಕುಳಿತುಕೊಳ್ಳುವ ಮೊದಲೇ ಕೇಳಿದಳು. ಒಂದು ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಇನ್ನೊಂದರವುಗಳೊಡನೆ ಜಗಳಕ್ಕೆ ಬೀಳದಂತೆ ಬೇರೆಬೇರೆ ಇಡುವ ಟೂಲುಗಳಲ್ಲಿ ಐದನ್ನು ಅವಳು ಒಂದೇ ವಾರದಲ್ಲಿ ಪ್ರಯತ್ನಿಸಿದ್ದಳು. "ಕೊನೆಯದಂತೂ ಎಷ್ಟು ವೇಗ ಅಂತೀರಿ! ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಸಿದ್ಧ!"

ಪ್ರೋಗ್ರಾಮಿಂಗ್ ಕಲಿಸುವ ಗುರುಪಾದಪ್ಪನವರು ಕತೆ ಹೇಳಿದರು.

ನದಿ ದಂಡೆಯ ಊರಿನಲ್ಲಿ ಒಬ್ಬ ಪ್ರೋಗ್ರಾಮರ್ ಇದ್ದ. ಮೇಲಿನ ಕಣಿವೆಯಲ್ಲಿ ಬಿದ್ದ ಮಳೆಯನ್ನು ನೋಡಿ, ನೀರು ಯಾವ ಹೊತ್ತಿಗೆ ಎಷ್ಟು ಏರುತ್ತದೆಂದು ಅವನ ಪ್ರೋಗ್ರಾಮ್ ಹೇಳುತ್ತಿತ್ತು. ಅದರ ಮಾತು ನಂಬಿ ತಗ್ಗಿನ ಮೂರು ಹಳ್ಳಿಗಳ ಜನ ಮನೆ ಬಿಡುತ್ತಿದ್ದರು. ಅವನಿಗೆ ಹೊಸ ಟೂಲೆಂದರೆ ಪ್ರಾಣ. ಬಂದದ್ದನ್ನೆಲ್ಲ ಹಾಕಿಕೊಂಡ. ಏನಾದರೂ ಕೆಟ್ಟಾಗ ಒಂದು ಲೈಬ್ರರಿಯನ್ನು ಬದಲಿಸಿ ಸರಿಮಾಡುತ್ತಿದ್ದ. ಏನು ಬದಲಿಸಿದೆನೆಂದು ಬರೆದಿಡಲಿಲ್ಲ.

ಒಂದು ಬೆಳಿಗ್ಗೆ ಮೇಲೆ ಮಳೆ ಹುಚ್ಚೆದ್ದು ಸುರಿಯುತ್ತಿದ್ದಾಗಲೇ ಅವನ ಕಂಪ್ಯೂಟರ್ ಸುಟ್ಟುಹೋಯಿತು. ಪ್ರೋಗ್ರಾಮಿನ ಪ್ರತಿ ಬೇರೆಡೆ ಇತ್ತು. ಬೇರೆ ಕಂಪ್ಯೂಟರೂ ಬಂತು. ತನ್ನ ಟೂಲ್ ಹಾಕಿದ. ಲೈಬ್ರರಿಗಳೆಲ್ಲ ಕ್ಷಣದಲ್ಲಿ ಇಳಿದವು. ಆದರೆ ಇಳಿದದ್ದು ಆ ದಿನದ ಹೊಸ ಆವೃತ್ತಿಗಳು. ಹಳೆಯ ಆವೃತ್ತಿಗಳಿಗೆ ಹೊಂದಿಕೊಂಡಿದ್ದ ಪ್ರೋಗ್ರಾಮ್ ಏಳಲಿಲ್ಲ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಟ್ಟಿತು. ಹೊರಗೆ ಸೇತುವೆಯ ಕಂಬದ ಮೇಲಿನ ಎಚ್ಚರಿಕೆಯ ಗೆರೆ ಮುಳುಗಿತು.

ಅದೇ ಪ್ರೋಗ್ರಾಮನ್ನು ಪಕ್ಕದ ಜಿಲ್ಲೆಯ ನದಿಗಾಗಿ ಒಬ್ಬ ಹೆಂಗಸು ನಡೆಸುತ್ತಿದ್ದಳು. ಅವಳಿಗೆ ಫೋನ್ ಮಾಡಿದ.

"ಅಕ್ಕಾ, ನಿಮ್ಮಲ್ಲಿ ಓಡುತ್ತಿದೆಯೇ?"

"ಓಡುತ್ತಿದೆ. ಹದಿನೇಳು ಲೈಬ್ರರಿಗಳ ಪಟ್ಟಿ ಕಳಿಸುತ್ತೇನೆ, ಆವೃತ್ತಿಯ ಸಂಖ್ಯೆ ಸಮೇತ. ಅದನ್ನು ಕೊಟ್ಟು ಒಂದೇ ಕಮಾಂಡ್ ಹಾಕು, ತಮ್ಮಾ."

ಅವಳು ಬಳಸುತ್ತಿದ್ದ ಟೂಲ್ ಎಲ್ಲಕ್ಕಿಂತ ಹಳೆಯದು, ನಿಧಾನದ್ದು. ಅವನೂ ಅದನ್ನೇ ಹಾಕಿ ಪಟ್ಟಿ ಕೊಟ್ಟ. ಲೈಬ್ರರಿಗಳು ಒಂದೊಂದಾಗಿ ಇಳಿದವು. ಅವನು ಉಸಿರು ಬಿಗಿಹಿಡಿದು ಎಣಿಸಿದ. ಹದಿನೇಳನೆಯದು ಇಳಿಯಿತು. ಪ್ರೋಗ್ರಾಮ್ ಎದ್ದಿತು! ಮಧ್ಯಾಹ್ನ ಎರಡಕ್ಕೆ ನೀರು ಬರುತ್ತದೆಂದಿತು. ಹಳ್ಳಿಗಳಲ್ಲಿ ಸೈರನ್ ಕೂಗಿತು. ಜನ, ದನ, ಹಾಸಿಗೆ ಹಿಡಿದ ಮುದುಕರು, ಎಲ್ಲರೂ ದಿಬ್ಬ ಹತ್ತಿದರು. ನೀರು ನುಗ್ಗಿದಾಗ ಮನೆಗಳಲ್ಲಿ ಒಂದು ಜೀವವೂ ಇರಲಿಲ್ಲ. ಸುದ್ದಿ ಕೇಳಿ ಅವನು ಕುರ್ಚಿಯಿಂದ ಹಾರಿ ಕುಣಿದ, ಕುಣಿಯುತ್ತಲೇ ಅತ್ತ. ಮತ್ತೆ ಅವಳಿಗೆ ಫೋನ್ ಮಾಡಿದ.

"ಅಕ್ಕಾ, ಪಟ್ಟಿ ಸರಿಯಿದೆಯೆಂದು ಅಷ್ಟು ಗಟ್ಟಿಯಾಗಿ ಹೇಗೆ ಗೊತ್ತಿತ್ತು?"

"ಪ್ರತಿ ಸೋಮವಾರ ನನ್ನ ಎನ್ವಿರಾನ್‌ಮೆಂಟನ್ನು ನಾನೇ ಅಳಿಸಿಹಾಕುತ್ತೇನೆ. ಆಮೇಲೆ ಆ ಪಟ್ಟಿಯಿಂದ ಮತ್ತೆ ಕಟ್ಟುತ್ತೇನೆ."

ಗುರುಗಳು ಕತೆ ನಿಲ್ಲಿಸಿದರು. ಸಿಂಚನಾಳ ಕಣ್ಣುಗಳು ಹೊಳೆಯುತ್ತಿದ್ದವು.

"ಹಾಗಾದರೆ ಆ ಹಳೆಯ ಟೂಲೇ ಒಳ್ಳೆಯದು ಅನ್ನಿ!"

ಗುರುಗಳು ಅವಳದೇ ಲ್ಯಾಪ್‌ಟಾಪನ್ನು ಅವಳ ಕಡೆಗೆ ಸರಿಸಿದರು.

"ನೀನು ಕಟ್ಟಿರುವ ಎನ್ವಿರಾನ್‌ಮೆಂಟನ್ನು ಈಗಲೇ ಅಳಿಸು, ನೋಡೋಣ."

ಸಿಂಚನಾಳ ಬೆರಳು ಕೀಲಿಯ ಮೇಲೆ ನಿಂತಿತು. ಆಮೇಲೆ ಅವಳು ಖಾಲಿ ಫೈಲೊಂದನ್ನು ತೆರೆದು, ತನ್ನ ಲೈಬ್ರರಿಗಳ ಹೆಸರನ್ನು ಆವೃತ್ತಿಯ ಸಂಖ್ಯೆ ಸಮೇತ ಬರೆಯತೊಡಗಿದಳು.