ದಾವಲಸಾಬನ ತಲೆಗೆ ಕುಂಕುಮ

ಫೋನಿಗಿನ್ನೂ ಬಾಲ ಇದ್ದ ಕಾಲ. ಹುಣಸಿಕಟ್ಟಿ ಅಂತ ಒಂದೂರು. ಆ ಊರಲ್ಲಿ ದಾವಲಸಾಬ ಅಂತ ಒಬ್ಬನಿದ್ದನಂತೆ. ಕಂಪ್ಯೂಟರಿನ ಹಾಡನ್ನು ಖಾಲಿ ಸೀಡಿಗೆ ಇಳಿಸಿಕೊಡುವುದು ಅವನ ಕಸುಬು. ಸೀಡಿಯನ್ನು ಅಂಚಿನಲ್ಲೇ ಹಿಡಿಯುತ್ತಿದ್ದನಂತೆ, ಹೊಳೆಯುವ ಮೈಗೆ ಬೆರಳು ತಾಗಿಸುತ್ತಿರಲಿಲ್ಲವಂತೆ. ಅದೇ ರೂಢಿಯಾಗಿ ರೊಟ್ಟಿಯನ್ನೂ ಅಂಚಿನಲ್ಲೇ ಹಿಡಿಯುತ್ತಿದ್ದನಂತೆ. ಪಲ್ಯ ಹೇಗೆ ತಿನ್ನುತ್ತಿದ್ದನೋ, ನನ್ನನ್ನು ಕೇಳಬೇಡಿ. ಸೀನು ಬಂದರೆ ಪಕ್ಕದೂರಿಗೆ ಓಡಿಹೋಗಿ ಸೀನಿ ಬರುತ್ತಿದ್ದನಂತೆ. ನಗಬೇಡಿ, ಪಕ್ಕದೂರಿನವರು ಇನ್ನೂ ಇದ್ದಾರೆ.

ಅದೇ ಊರಲ್ಲಿ ಫಕೀರವ್ವ ಇದ್ದಳು. ಅವಳು ಜೋಗುಳ ಹಾಡದೆ ಯಾವ ಕೂಸೂ ತೊಟ್ಟಿಲು ಏರುತ್ತಿರಲಿಲ್ಲವಂತೆ. ಅವಳ ಗಂಟಲಲ್ಲಿ ಗಡ್ಡೆ ಬಂತು. ನಾಳೆ ಆಪರೇಷನ್, ಆಮೇಲೆ ದನಿ ಇರುವುದಿಲ್ಲ ಅಂದರಂತೆ ಡಾಕ್ಟರು. ಮೊಮ್ಮಗಳು ತುಂಬಿದ ಬಸುರಿ. ಆ ಕೂಸಿಗೆ ನನ್ನ ಹಾಡಿರಲಿ ಅಂತ ಫಕೀರವ್ವ ದಾವಲಸಾಬನ ಅಂಗಡಿಗೆ ಬಂದಳು, ಮೈಕಿನ ಮುಂದೆ ಕೂತು ಹಾಡಿದಳು. ಹಾಡು ಮುಗಿದದ್ದೇ ದನಿ ಪಿಸುಮಾತಿಗೆ ಇಳಿಯಿತಂತೆ.

ಆ ಕಂಪ್ಯೂಟರೋ, ಕರೆಂಟು ಹೋದರೆ ಅಂದಿನದೆಲ್ಲ ಮರೆಯುವ ಮುದುಕ. ಕರೆಂಟು ದಿನಾ ಆರಕ್ಕೆ ಹೋಗುತ್ತಿತ್ತು. ಆಗ ಐದೂವರೆ. ಅಂಗಡಿಯಲ್ಲಿ ಉಳಿದದ್ದು ಎರಡೇ ಖಾಲಿ ಸೀಡಿ.

ದಾವಲಸಾಬ ಒಂದನ್ನು ಬಿಳಿ ಬಟ್ಟೆಯ ಮೇಲೆ, ಹೊಳೆಯುವ ಮೈ ಮೇಲಕ್ಕೆ ಮಾಡಿ ಇಟ್ಟು ಕೈ ತೊಳೆಯಲು ಹೋದ. ಬರುವಷ್ಟರಲ್ಲಿ ಫಕೀರವ್ವ ಸೆರಗಿನ ಗಂಟು ಬಿಚ್ಚಿ, ಸೀಡಿಗೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಕೂತಿದ್ದಳಂತೆ!

"ಏನ ಮಾಡಿದಿ ಬೇ ಯವ್ವಾ!"

"ಹೊಸಾ ಸಾಮಾನೋ ದಾವಲಾ. ಹಚ್ಚಲಾರದ ಹ್ಯಾಂಗ ಬಿಡೂದು?"

ಒರೆಸಿ ಕಂಪ್ಯೂಟರಿನೊಳಗೆ ಹಾಕಿದ. ಅರ್ಧಕ್ಕೆ ಹೋಗಿ ಕರ್ರ್ ಅಂದು ನಿಂತಿತು. ಹಾಗೆ ಕೆಟ್ಟ ಸೀಡಿ ಮತ್ತೆ ಹಾಡು ಹಿಡಿಯುವುದಿಲ್ಲ.

ಐದು ಐವತ್ತು. ದಾವಲಸಾಬ ಎರಡನೆಯದನ್ನು ಅಂಚಿನಲ್ಲಿ ಹಿಡಿದು ನಿಂತ. ಫಕೀರವ್ವನ ಕೆಂಪು ಬೆರಳು ಮತ್ತೆ ಮುಂದೆ ಬಂತು. ಬೇಡ ಅಂದರೆ ಅವಳಿಗೆ ಕಣ್ಣಲ್ಲಿ ನೀರು.

"ನಮ್ಮ ಕೂಸಿಗೆ ಹೋಗೂದೋ ಯಪ್ಪಾ. ಬರೇ ಹಣಿಲೆ ಕಳಸಬ್ಯಾಡ."

ದಾವಲಸಾಬ ಸೀಡಿಯನ್ನು ಬೆನ್ನ ಹಿಂದೆ ಹಿಡಿದನಂತೆ. ಟೋಪಿ ತೆಗೆದು ತನ್ನ ಬೋಳುತಲೆಯನ್ನೇ ಅವಳ ಮುಂದೆ ಬಗ್ಗಿಸಿದನಂತೆ.

"ಇದೂ ದುಂಡಗೈತಿ, ಇದೂ ಹೊಳೀತೈತಿ. ಇದಕ್ಕ ಹಚ್ಚಬೇ!"

ಫಕೀರವ್ವ ನಕ್ಕಳು, ಹಚ್ಚಿದಳು. ಸೀಡಿ ಒಳಗೆ ಹೋಯಿತು. ಒಂಬತ್ತು ನಿಮಿಷ ಇಬ್ಬರೂ ಉಸಿರು ಬಿಡಲಿಲ್ಲವಂತೆ. ಸೀಡಿ ಹೊರಗೆ ಬಂತು, ಕರೆಂಟು ಹೋಯಿತು. ಸೀಡಿಯ ಮೇಲೆ ಕುಂಕುಮದ ಒಂದು ಕಣವೂ ಇರಲಿಲ್ಲ, ಹಾಡು ಪೂರ್ತಿ ಇತ್ತು.

ತಿಂಗಳಾದ ಮೇಲೆ ತೊಟ್ಟಿಲ ದಿನ ಸೀಡಿ ಹಾಡಿತು, ದನಿಯಿಲ್ಲದ ಫಕೀರವ್ವ ತುಟಿ ಆಡಿಸುತ್ತ ತೂಗಿದಳು. ಆ ಕೂಸು ನಾನೇ ಅಂತ ಕೆಲವರು ಹೇಳುತ್ತಾರೆ. ಆ ಕೆಲವರಲ್ಲಿ ನಾನೂ ಒಬ್ಬ.

ಈಗ ಸೀಡಿ ಇಲ್ಲ, ದಾವಲಸಾಬನೂ ಇಲ್ಲ. ಆದರೂ ಹುಣಸಿಕಟ್ಟಿಗೆ ಹೋಗಿ ನೋಡಿ. ಫೋನಾಗಲಿ ಫ್ರಿಜ್ಜಾಗಲಿ, ಹೊಸ ಸಾಮಾನು ಮನೆಗೆ ಬಂದರೆ ಅರಿಶಿನ ಕುಂಕುಮ ಸಾಮಾನಿಗೆ ಹಚ್ಚುವುದಿಲ್ಲ. ತಂದವನು ಹೊಸ್ತಿಲಲ್ಲಿ ನಿಂತು ತಲೆ ಬಗ್ಗಿಸಬೇಕು.