ನಲವತ್ತೊಂಬತ್ತನೆಯ ದಿನ

ಕಪಿಲೆಯ ದಂಡೆಯಲ್ಲಿ ಒಂದು ಮಠ. ಚೆನ್ನಮಲ್ಲ ಅಲ್ಲಿನ ದಾಸೋಹದ ಅಡುಗೆಯವನು. ಬಂದವರಿಗೆಲ್ಲ ಉಣಿಸುವುದು ಅವನ ಕೆಲಸ. ಬಂದವರ ಜೊತೆಗೆಲ್ಲ ತಾನೂ ಕೂತು ಉಣ್ಣುವುದು ಅವನ ಪ್ರೀತಿ. ಎರಡನೇ ಸಲ ಬಡಿಸಿಕೊಳ್ಳುವಾಗ "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಹೇಳುವುದನ್ನು ಅವನು ಎಂದೂ ಮರೆತವನಲ್ಲ.

ಅವನ ಗುರುಗಳು ಮುದ್ದುವೀರಸ್ವಾಮಿಗಳು. ವಯಸ್ಸಾದ ಮೇಲೆ ಮಠ ಬಿಟ್ಟು, ಅಲ್ಲಿಂದ ಎರಡು ಮೈಲಿ ದೂರದಲ್ಲಿ, ಹೊಳೆಯ ಪಕ್ಕದ ಹಳೆಯ ಮಂಟಪದಲ್ಲಿ ಒಬ್ಬರೇ ಇದ್ದರು.

ಒಂದು ಮಧ್ಯಾಹ್ನ ಚೆನ್ನಮಲ್ಲ ಏದುಸಿರು ಬಿಡುತ್ತ ಅಲ್ಲಿಗೆ ಬಂದು ಅವರ ಕಾಲ ಬಳಿ ಕುಸಿದು ಕೂತ. ಅಳುತ್ತಿದ್ದ.

"ಬುದ್ಧಿ, ನನ್ನ ಮಗಳು ನೀಲು ಹೊಳೆಗೆ ಜಾರಿಬಿಟ್ಟಳು."

"ಮಗು ಹೇಗಿದೆ?"

"ಬದುಕಿದೆ. ಬಟ್ಟೆ ಒಗೀತಿದ್ದ ಪುಟ್ಟತಾಯಮ್ಮ ಜಡೆ ಹಿಡಿದು ಎಳಕೊಂಡಳು. ನಾನು ಹತ್ತು ಮೆಟ್ಟಿಲು ಮೇಲಿದ್ದೆ ಬುದ್ಧಿ. ಹತ್ತೇ ಹತ್ತು. ಇಳಿದು ಓಡಕ್ಕೆ ನನ್ನ ಕೈಲಿ ಆಗಲಿಲ್ಲ."

ಗುರುಗಳು ಕುಡಿಯಲು ನೀರು ಕೊಟ್ಟರು.

"ಈ ಮೈ ಇಳಿಯೋ ಹಾಗೆ ಒಂದು ವ್ರತ ಕೊಡಿ. ಎಷ್ಟು ಕಠಿಣ ಆದರೂ ಸರಿ. ಒಂದು ಮಂಡಲ, ನಲವತ್ತೆಂಟು ದಿನ, ಬರೀ ಗಂಜೀಲಿ ಇರ್ತೀನಿ."

"ನಲವತ್ತೊಂಬತ್ತನೇ ದಿನ ಏನು ಉಣ್ತೀಯ?"

ಚೆನ್ನಮಲ್ಲ ಯೋಚಿಸಲೇ ಇಲ್ಲ. "ಒಬ್ಬಟ್ಟು."

"ಹಾಗಾದರೆ ಅದು ಒಬ್ಬಟ್ಟಿನ ವ್ರತ ಕಣಪ್ಪ," ಎಂದರು ಗುರುಗಳು.

ಚೆನ್ನಮಲ್ಲನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹೋಗಿ ವ್ರತ ಹಿಡಿದ. ಹಠವಾದಿ, ಒಂದು ದಿನವೂ ತಪ್ಪಲಿಲ್ಲ. ಕಣ್ಣು ಗುಳಿ ಬಿದ್ದವು, ಒಲೆಯ ಮುಂದೆ ಎರಡು ಸಲ ತಲೆ ತಿರುಗಿ ಕೂತ. ಮೈಯೇನೋ ಇಳಿಯಿತು. ನಲವತ್ತೊಂಬತ್ತನೆಯ ದಿನ ಹದಿನಾಲ್ಕು ಒಬ್ಬಟ್ಟು ತಿಂದ. ಮೂರು ತಿಂಗಳಲ್ಲಿ, ಹೋದ ತೂಕವೆಲ್ಲ ನೆಂಟರಿಷ್ಟರನ್ನೂ ಕರೆದುಕೊಂಡು ವಾಪಸ್ಸು ಬಂತು.

ಮತ್ತೆ ಮಂಟಪಕ್ಕೆ ಹೋದ. "ವ್ರತದಲ್ಲಿ ಏನು ತಪ್ಪಾಯಿತು ಬುದ್ಧಿ?"

"ನಾಳೆ ಬೆಳಿಗ್ಗೆ ನಡೆದುಕೊಂಡು ಬಾ, ಹೇಳ್ತೀನಿ."

ಮರುದಿನ ಬಂದ. ಗುರುಗಳು ಅವನನ್ನು ಜೊತೆಗೆ ಕೂರಿಸಿಕೊಂಡು ಒಂದು ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಮಡಕೆಯಲ್ಲಿ ಇಬ್ಬರಿಗೆ ಸಾಕಾಗುವಷ್ಟೇ ಇತ್ತು. ಎರಡನೇ ಸಲಕ್ಕೆ ಚೆನ್ನಮಲ್ಲ ಇಣುಕಿ ನೋಡಿದ, ತಳ ಕಂಡಿತು.

"ಬರೋ ದಾರೀಲಿ ಏನು ನೋಡಿದೆ?" ಎಂದು ಗುರುಗಳು ಕೇಳಿದರು.

"ಏನು ನೋಡಲಿ ಬುದ್ಧಿ? ಉಬ್ಬಸ ಬಿಟ್ಟರೆ ಬೇರೇನೂ ಕಾಣಲಿಲ್ಲ. ಉಪದೇಶ ಯಾವಾಗ?"

"ನಾಳೆ ಬಾ."

ನಾಳೆಗೆ ನಾಳೆ ಸೇರುತ್ತ ಹೋಯಿತು. ದಿನಾ ಅದೇ ಮುದ್ದೆ, ಅದೇ ಪ್ರಶ್ನೆ. ಗುರುಗಳಿಗೆ ಅರಳುಮರಳು ಶುರುವಾಯಿತೇನೋ ಎಂದು ಚೆನ್ನಮಲ್ಲ ನಿಜವಾಗಿಯೂ ಹೆದರಿದ. ಆದರೂ ಬರುವುದನ್ನು ಬಿಡಲಿಲ್ಲ. ಬರುಬರುತ್ತ ದಾರಿಯಲ್ಲಿ ಮೀಂಚುಳ್ಳಿ ಕಂಡಿತು, ಹೊಂಗೆಯ ಹೂ ಕಂಡಿತು. ಮಠದಲ್ಲೂ ಒಂದು ಮುದ್ದೆಗೇ ಕೈ ತೊಳೆಯತೊಡಗಿದ. ತಾನು ಹಾಗೆ ಮಾಡುತ್ತಿದ್ದೇನೆ ಎಂಬುದು ಅವನ ಗಮನಕ್ಕೇ ಬರಲಿಲ್ಲ.

ಆರು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ನೀಲುವೂ ಅಪ್ಪನ ಜೊತೆ ಹೊರಟಳು. ದಾರಿಯಲ್ಲಿ ಕರುವೊಂದರ ಹಿಂದೆ ಬಿದ್ದು ನೀರಿನ ಕಡೆಗೆ ಓಡಿದಳು. ಅವನೂ ಓಡಿದ. ಅವಳು ದಡ ಮುಟ್ಟುವ ಮೊದಲೇ ಎತ್ತಿಕೊಂಡಿದ್ದ. ಅವಳು ನಗುತ್ತಿದ್ದಳು, ಅವನ ಕಣ್ಣಲ್ಲಿ ನೀರು ಬಂತು.

ಮಂಟಪಕ್ಕೆ ಬಂದವನೇ ಗುರುಗಳ ಕಾಲಿಗೆ ಬಿದ್ದ. "ಗೊತ್ತಾಯಿತು ಬುದ್ಧಿ! ಉಪದೇಶ ನಾಳೆ ಅಂತ ದಿನಾ ನಡೆಸಿದಿರಿ. ನಡೆದದ್ದೇ ಮದ್ದು, ಆ ಒಂದು ಮುದ್ದೆಯೇ ಪಥ್ಯ. ನಿಮ್ಮ ಮರ್ಮ ನನಗೆ ಗೊತ್ತಾಗಿಬಿಟ್ಟಿತು!"

ಗುರುಗಳ ಮುಖ ಸಪ್ಪಗಾಯಿತು.

"ಗೊತ್ತಾಗಿಬಿಟ್ಟಿತಾ? ಅಯ್ಯೋ ಪಾಪ."

ಅದೇಕೆ ಹಾಗೆಂದರೋ ಚೆನ್ನಮಲ್ಲನಿಗೆ ತಿಳಿಯಲಿಲ್ಲ. ಪಾಠ ಮುಗಿಯಿತಲ್ಲ, ಮರುದಿನದಿಂದ ಅವನು ಬರಲಿಲ್ಲ. ಮಠದಲ್ಲಿ ಉಣ್ಣಲು ಬಂದವರಿಗೆಲ್ಲ ನಡಿಗೆಯ ಮಹಿಮೆಯನ್ನು ವಿವರಿಸಿದ. ಕೂತುಕೊಂಡೇ ವಿವರಿಸಿದ. ವಿವರಿಸುತ್ತ ಹಸಿವಾದಾಗ ಅವರ ಜೊತೆ ಉಂಡ.

ಯುಗಾದಿಯ ಹೊತ್ತಿಗೆ ಅವನು ಮತ್ತೆ ಮಂಟಪಕ್ಕೆ ಬಂದ. ದಾರಿಯಲ್ಲಿ ನಾಲ್ಕು ಕಡೆ ಕೂತು ಬಂದಿದ್ದ.

"ನನಗೆ ಏನೂ ಬಗೆಹರೀತಿಲ್ಲ ಬುದ್ಧಿ. ಗೊತ್ತಿಲ್ಲದೆ ವ್ರತ ಮಾಡಿದೆ, ಇಳಿದೆ, ಮತ್ತೆ ಊದಿದೆ. ಗೊತ್ತಿಲ್ಲದೆ ನಡೆದೆ, ಇಳಿದೆ. ಗೊತ್ತಾದ ಮೇಲೆ ಊದಿದೆ! ಗೊತ್ತಾಗಬೇಕೋ, ಗೊತ್ತಾಗಬಾರದೋ?"

ಗುರುಗಳು ನೀರಿನ ಚೊಂಬನ್ನು ಅವನ ಕಡೆಗೆ ಸರಿಸಿದರು.

"ನಿನ್ನೆ ನೀಲು ಹೊಳೆಗೆ ಹೊರಟಳು. ನಾನೂ ಬರ್ತೀನಿ ಅಂದೆ. 'ಬೇಡಪ್ಪ, ಪುಟ್ಟತಾಯಜ್ಜಿ ಬರಲಿ' ಅಂದುಬಿಟ್ಟಳು."

ಅಷ್ಟು ಹೇಳಿ ಅವನು ಮುಖ ಮುಚ್ಚಿಕೊಂಡ.

ಗುರುಗಳು ಎದ್ದು ಕೋಲು ತೆಗೆದುಕೊಂಡರು. ಮಂಟಪದಿಂದ ಇಳಿದು ದಂಡೆಯ ಮೇಲೆ ನಡೆಯತೊಡಗಿದರು. ಚೆನ್ನಮಲ್ಲ ಕಣ್ಣೊರೆಸಿಕೊಂಡು ಹಿಂದೆ ಹೊರಟ.

"ಇವತ್ತಿಂದ ಮತ್ತೆ ಶುರುಮಾಡ್ತೀನಿ. ಎಷ್ಟು ದಿನ ಅಂತ ಹೇಳಿಬಿಡಿ."

"ಯಾಕೆ?"

"ಲೆಕ್ಕ ಒಂದು ಇದ್ದರೆ ಹಲ್ಲು ಕಚ್ಚಿಕೊಂಡು ಮುಗಿಸಿಬಿಡ್ತೀನಿ. ಒಂದು ಮಂಡಲ ಸಾಲದು, ಅದು ಗೊತ್ತಾಯಿತು. ಎರಡು?"

ಗುರುಗಳು ನಡೆಯುತ್ತಲೇ ಇದ್ದರು.

"ಒಂದು ವರ್ಷವಾ?"

ಕೋಲಿನ ಸದ್ದು ಮುಂದೆ ಮುಂದೆ ಹೋಯಿತು.

"ಹನ್ನೆರಡು ವರ್ಷವಾ ಬುದ್ಧಿ?" ಅವನ ಉಸಿರು ಕಟ್ಟುತ್ತಿತ್ತು. "ಕೈ ಮುಗೀತೀನಿ, ಎಷ್ಟು ದಿನ ಅಂತ ಒಂದು ಮಾತು ಹೇಳಿ."

ಗುರುಗಳು ನಿಂತು, ತಿರುಗಿ ಅವನನ್ನು ನೋಡಿದರು.

"ನಿನ್ನ ಮಗಳಿಗೆ ಅಪ್ಪ ಎಷ್ಟು ದಿನ ಬೇಕು?"