ಎರಡು ಸೌಟು ತವರ

ಗುರುಕೃಪೆಯಿಂದ ನನ್ನ ಕಿವಿಗೆ ಬಿದ್ದದ್ದನ್ನು ಬಿದ್ದಷ್ಟೇ ಹೇಳುತ್ತೇನೆ.

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗ ಗುರುಗಳಿದ್ದರು. ಸನ್ಯಾಸಕ್ಕೆ ಮುಂಚೆ ಆ ಪುಣ್ಯಾತ್ಮರು ತವರ ಕರಗಿಸಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಭಗವಂತ ಕೈ ಹಿಡಿದ ಮೇಲೂ ಕೈ ಆ ಕೆಲಸ ಮರೆತಿರಲಿಲ್ಲ.

ಮನಸ್ಸು ಕರಗಿದವರಿಗೆ ಮಾತ್ರ ಅವರು ಮಂತ್ರೋಪದೇಶ ಕೊಡುತ್ತಿದ್ದರು.

ಶಿಷ್ಯ ಮರಿದೇವ ಅದಕ್ಕಾಗಿ ಹನ್ನೊಂದು ವರ್ಷ ಕಾದಿದ್ದ. ಭಜನೆಯಲ್ಲಿ ಉಳಿದವರ ಕಣ್ಣು ತುಂಬಿ ಬರುತ್ತಿತ್ತು. ಅವನದು ಒದ್ದೆಯೂ ಆಗುತ್ತಿರಲಿಲ್ಲ. “ನಿನ್ನ ಕಣ್ಣು ಬೇಸಿಗೆಯ ಹಳ್ಳ ಕಣಯ್ಯಾ” ಎಂದು ಜೊತೆಯವರು ಛೇಡಿಸುತ್ತಿದ್ದರು.

ಒಂದು ಸಂಜೆ ಭಜನೆಯಲ್ಲಿ ಅವನು ಎಲ್ಲರಿಗಿಂತ ಹೆಚ್ಚು ಅತ್ತ.

ಮರುದಿನ ಬೆಳಗ್ಗೆ ಗುರುಗಳನ್ನು ಹುಡುಕಿಕೊಂಡು ಹೋದ. ಅವರು ಅಂಗಳದಲ್ಲಿ ಅಡುಗೆಮನೆಯ ತಾಮ್ರದ ಪಾತ್ರೆಗಳನ್ನು ಹರಡಿಕೊಂಡು ಕೂತಿದ್ದರು. ಕೆಂಡದ ಮೇಲೆ ಎರಡು ಕಬ್ಬಿಣದ ಸೌಟು. ಒಂದೊಂದರಲ್ಲೂ ಒಂದು ತುಂಡು ತವರ.

“ಬಾರಪ್ಪಾ. ನಿನ್ನೆ ಹೊಳೆ ಉಕ್ಕುವಷ್ಟು ಅತ್ತೆಯಂತೆ?”

“ಹೌದು ಗುರುಗಳೇ. ಅದಕ್ಕೇ ಬಂದೆ. ಉಪದೇಶ...”

“ಆಗಲಿ. ಮೊದಲು ಈ ತಿದಿ ಒತ್ತು, ಕೆಂಡಕ್ಕೆ ಗಾಳಿ ಬೀಳಲಿ. ಎರಡು ಅಂಗಡಿಯಿಂದ ತರಿಸಿದ ತವರ ಇದು. ಯಾವುದು ಒಳ್ಳೆಯದು, ನೋಡಿ ಹೇಳು.”

ಮರಿದೇವ ತಿದಿ ಒತ್ತಿದ. ಸ್ವಲ್ಪ ಹೊತ್ತಿಗೇ ಎಡಗಡೆಯ ತುಂಡು ಅಂಚಿನಿಂದ ಕುಸಿದು ನೀರಾಯಿತು. ಬಲಗಡೆಯದು ಹಾಗೇ ಕೂತಿತ್ತು.

“ಇದೇ ಒಳ್ಳೆಯದು ಗುರುಗಳೇ. ಎಷ್ಟು ಬೇಗ ಕರಗಿತು!”

ಗುರುಗಳು ಆ ಸೌಟನ್ನು ಎತ್ತಿ ಪಕ್ಕದ ಗುಂಡಿಗೆ ಸುರಿದರು.

“ಅಯ್ಯೋ, ಯಾಕೆ?”

“ಸೀಸ ಬೆರೆಸಿದ್ದಾರೆ.”

“ಅದು ಹೇಗೆ ಗೊತ್ತಾಯಿತು?”

“ಶುದ್ಧ ತವರಕ್ಕೆ ಅದರದೇ ಒಂದು ಕಾವಿದೆ. ಅದು ಮುಟ್ಟುವ ತನಕ ಎಷ್ಟು ಬೇಡಿಕೊಂಡರೂ ಕರಗಲ್ಲ. ಸೀಸಕ್ಕೂ ಅದರದೇ ಕಾವಿದೆ, ಇನ್ನೂ ಹೆಚ್ಚಿನದು. ಒಂದರೊಳಗೆ ಒಂದು ಬೆರೆಸು, ಎರಡಕ್ಕಿಂತ ಮೊದಲೇ ಕರಗಿಬಿಡುತ್ತೆ.”

“ಬೇಗ ಕರಗಿದರೆ ಕೆಲಸ ಸುಲಭವಲ್ಲವೇ?”

“ಸುಲಭವೇ. ಹೊಳಪೂ ಬರುತ್ತೆ. ಆ ಪಾತ್ರೆಯಲ್ಲಿ ಮಾಡಿದ ಹುಳಿ ಉಂಡವರಿಗೆ ಮಾತ್ರ ವಿಷ.”

ಮರಿದೇವನ ಕೈ ನಿಂತಿತು.

“ಗುರುಗಳೇ, ನಿನ್ನೆ ನಾನು ಧೂಪದ ಹೊಗೆಗೆ ಕಣ್ಣೊಡ್ಡಿ ಕೂತಿದ್ದೆ.”

“ಗೊತ್ತು. ಕೆಮ್ಮೂ ಕೇಳಿಸಿತು.”

“ಹನ್ನೊಂದು ವರ್ಷ ಭಗವಂತನ ಹೆಸರು ಹೇಳಿದೆ. ಈ ಎದೆ ಕರಗಲಿಲ್ಲ. ಇನ್ನು ಕರಗುವುದೂ ಇಲ್ಲ. ಉಪದೇಶ ಕೇಳುವುದಕ್ಕೆ ನನಗೆ ಮುಖವಿಲ್ಲ. ಅಪ್ಪಣೆ ಕೊಡಿ, ಊರಿಗೆ ಹೋಗ್ತೀನಿ.”

ಅವನು ನಮಸ್ಕರಿಸಿ ಎದ್ದ.

ಗುರುಗಳು ತಲೆ ಎತ್ತಲಿಲ್ಲ. ಉಳಿದ ಸೌಟನ್ನು ಕೆಂಡದ ನಡುವಿಗೆ ಸರಿಸಿದರು.

“ಇದು ಶುದ್ಧವಾಗಿರೋ ಹಾಗಿದೆ ಮರಿದೇವಾ. ಕೂತ್ಕೊಂಡು ತಿದಿ ಒತ್ತು.”